ಒಂದೇ ಆಕರಕೋಶದಿಂದ ಕೆಂಪು ಕಣವೂ ಬಿಳಿ ಕಣವೂ: ತೀರ್ಮಾನ ಎಲ್ಲಿ ಆಗುತ್ತದೆ?

ಪ್ರಶ್ನೆ: ನನ್ನ ತಂಗಿಗೆ ಅಪ್ಲಾಸ್ಟಿಕ್ ಅನೀಮಿಯಾ, ಅಂದರೆ ಅಸ್ಥಿಮಜ್ಜೆ ಸಾಕಷ್ಟು ರಕ್ತಕಣ ತಯಾರಿಸದ ರೋಗ, ಆಗಿ, ಕಳೆದ ವರ್ಷ ನಮ್ಮ ತಮ್ಮನಿಂದ ತೆಗೆದ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಆಕೆಗೆ ಕಸಿ ಮಾಡಿದರು. ಒಂದು ಚೀಲದಲ್ಲಿದ್ದ ಕೆಂಪು ದ್ರವವನ್ನು ರಕ್ತ ಏರಿಸುವ ಹಾಗೆಯೇ ಏರಿಸಿದರು, ಅಷ್ಟೆ. ಮೂರು ವಾರದೊಳಗೆ ಬಿಳಿ ರಕ್ತಕಣ ಏರಿತು, ಬಳಿಕ ಪ್ಲೇಟ್‌ಲೆಟ್, ಆಮೇಲೆ ಹಿಮೋಗ್ಲೋಬಿನ್. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ದೇಹದ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಹಾಗಿದ್ದರೆ ಆ ಚೀಲದ ಒಂದೇ ಬಗೆಯ ಕೋಶಗಳಲ್ಲಿ ಇದು ಕೆಂಪು ಕಣವಾಗಬೇಕು, ಅದು ಬಿಳಿ ಕಣವಾಗಬೇಕು ಎಂದು ತೀರ್ಮಾನಿಸುವವರು ಯಾರು? ರಕ್ತದಲ್ಲಿ ಯಾವುದು ಕಡಿಮೆಯಾಗಿದೆ ಎಂದು ಕೋಶಕ್ಕೆ ತಿಳಿಯುವುದು ಹೇಗೆ? ನನ್ನ ತಂಗಿಯ ವಿಷಯದಲ್ಲಿ ನಾವು ಗಮನಿಸಬೇಕಾದದ್ದು ಏನಾದರೂ ಇದೆಯೇ? (ಓದುಗರೊಬ್ಬರು, ಕಾರ್ಕಳ)

ಉತ್ತರ: ನೀವು ಮಕ್ಕಳಿಗೆ ಹೇಳುವ ಮಾತಿಗೆ ಸಾಕ್ಷಿ ನಿಮ್ಮ ಮನೆಯಲ್ಲೇ ಇದೆ. ತಮ್ಮನ ಕೋಶಗಳು ತಂಗಿಯ ಅಸ್ಥಿಮಜ್ಜೆಯಲ್ಲಿ ನೆಲೆ ನಿಂತಿರುವುದರಿಂದ, ಇಂದು ಆಕೆಯ ರಕ್ತದ ಬಿಳಿ ಕಣಗಳ ಕ್ರೋಮೋಸೋಮ್ ಪರೀಕ್ಷಿಸಿದರೆ ಅವುಗಳಲ್ಲಿ ಬಹುಪಾಲಿನಲ್ಲಿ ಗಂಡಸರಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮ್ ಕಾಣುತ್ತದೆ. ಅಣ್ಣ ಅಥವಾ ತಮ್ಮನಿಂದ ಸಹೋದರಿಗೆ ಕಸಿಯಾದಾಗ ಅದು ಹಿಡಿದಿದೆಯೇ ಎಂದು ತಿಳಿಯಲು ಪ್ರಯೋಗಾಲಯಗಳು ಬಳಸುವ ವಿಧಾನಗಳಲ್ಲಿ ಇದೂ ಒಂದು. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್‌ನಲ್ಲಿಯೂ, ಅದಕ್ಕಿಂತ ತೀರ ಭಿನ್ನವಾದ ಲಿಂಫೋಸೈಟ್‌ನಲ್ಲಿಯೂ ಅದೇ ತಮ್ಮನ ಡಿಎನ್‌ಎ ಇದೆ. ನಿಮ್ಮ ಪಾಠಕ್ಕೆ ಎರಡೇ ತಿದ್ದುಪಡಿಗಳನ್ನು ಸೇರಿಸಿಕೊಳ್ಳಬಹುದು. ಲಿಂಫೋಸೈಟ್‌ಗಳು ಬೆಳೆಯುವಾಗ ತಮ್ಮ ಡಿಎನ್‌ಎಯ ಒಂದು ಚಿಕ್ಕ ಭಾಗವನ್ನು ಕತ್ತರಿಸಿ ಬೇರೆ ರೀತಿಯಲ್ಲಿ ಜೋಡಿಸಿಕೊಳ್ಳುತ್ತವೆ. ಕೆಂಪು ಕಣವಂತೂ ಬೆಳವಣಿಗೆಯ ಕೊನೆಯಲ್ಲಿ ತನ್ನ ನ್ಯೂಕ್ಲಿಯಸ್ಸನ್ನೇ ಹೊರಗೆ ಹಾಕಿಬಿಡುತ್ತದೆ. ಉಳಿದಂತೆ ನೀವು ಹೇಳುತ್ತಿರುವುದು ಸರಿ.

ಚೀಲದಲ್ಲಿ ಇದ್ದದ್ದು ಒಂದೇ ಬಗೆಯ ಕೋಶಗಳು ಎಂಬುದು ಮಾತ್ರ ಪೂರ್ತಿ ಸರಿಯಲ್ಲ. ಅದರಲ್ಲಿ ಹೆಚ್ಚಿನವು ಆಗಲೇ ಬಲಿತ ಅಥವಾ ಅರ್ಧ ದಾರಿ ಸಾಗಿದ ಕೋಶಗಳು. ಜೀವಮಾನವಿಡೀ ರಕ್ತವನ್ನು ಹುಟ್ಟಿಸಬಲ್ಲ ನಿಜವಾದ ಆಕರಕೋಶಗಳು ಅವುಗಳ ನಡುವೆ ಬಹಳ ಅಲ್ಪ. ಅಂಥ ಕೋಶ ಇದೆ ಎನ್ನುವುದಕ್ಕೆ ಮೊದಲ ಗಟ್ಟಿ ಪುರಾವೆ ದೊರೆತದ್ದು 1961ರಲ್ಲಿ, ಕೆನಡಾದ ಟೊರಾಂಟೋದಲ್ಲಿ. ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ ಎಂಬ ಇಬ್ಬರು ವಿಜ್ಞಾನಿಗಳು, ವಿಕಿರಣದಿಂದ ಮಜ್ಜೆ ನಾಶವಾದ ಇಲಿಗಳಿಗೆ ಬೇರೆ ಇಲಿಯ ಮಜ್ಜೆಯನ್ನು ಚುಚ್ಚಿದಾಗ, ಕೆಲವೇ ದಿನಗಳಲ್ಲಿ ಅವುಗಳ ಗುಲ್ಮದ ಮೇಲೆ ಚಿಕ್ಕ ಚಿಕ್ಕ ಗಂಟುಗಳು ಎದ್ದವು. ಪ್ರತಿಯೊಂದು ಗಂಟೂ ಒಂದೇ ಒಂದು ಕೋಶದ ಸಂತಾನ ಎಂಬುದನ್ನು ಎರಡು ವರ್ಷಗಳ ಬಳಿಕ ಕ್ರೋಮೋಸೋಮ್ ಗುರುತುಗಳ ಮೂಲಕ ಖಚಿತಪಡಿಸಲಾಯಿತು. ಆ ಒಂದು ಗಂಟಿನೊಳಗೆ ಕೆಂಪು ಕಣದ ವಂಶವೂ ಬಿಳಿ ಕಣದ ವಂಶವೂ ಪ್ಲೇಟ್‌ಲೆಟ್ ಹುಟ್ಟಿಸುವ ಕೋಶಗಳೂ ಇದ್ದವು.

ಕೆಲಸದ ಅಗಾಧತೆಯನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. ಆರೋಗ್ಯವಂತ ವಯಸ್ಕರ ದೇಹ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ, ಅಂದರೆ ಒಂದು ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು. ಈ ಉತ್ಪಾದನೆಯ ಮೂಲದಲ್ಲಿ ಸಕ್ರಿಯವಾಗಿರುವ ಆಕರಕೋಶಗಳು 50 ಸಾವಿರದಿಂದ ಎರಡು ಲಕ್ಷದಷ್ಟು ಮಾತ್ರ ಎಂಬುದು 2018ರಲ್ಲಿ ಪ್ರಕಟವಾದ ಒಂದು ಅಂದಾಜು. ಅವು ತಾವಾಗಿ ಅಪರೂಪಕ್ಕೆ ವಿಭಜನೆಯಾಗುತ್ತವೆ. ದಿನನಿತ್ಯದ ದುಡಿಮೆಯೆಲ್ಲ ಅವುಗಳ ಮಕ್ಕಳು, ಮೊಮ್ಮಕ್ಕಳದ್ದು.

ಇನ್ನು ತೀರ್ಮಾನದ ವಿಷಯ. ಜೀನ್ ನಿಯಂತ್ರಣ ಎಂದಾಗ ಕಣ್ಣಿಗೆ ಕಾಣದ, ಸಮೀಕರಣದಂಥ ವಿಚಾರವೆಂದು ಭಾವಿಸಬೇಡಿ. ಅದರ ಪರಿಣಾಮವನ್ನು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ನಾನು ಕಲಿಸುವ ಮಂಗಳೂರಿನ ಪ್ರಯೋಗಾಲಯದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದು ಅಸ್ಥಿಮಜ್ಜೆಯ ಸ್ಮಿಯರ್. ಸೊಂಟದ ಮೂಳೆಯಿಂದ ಸೂಜಿಯಲ್ಲಿ ಹೀರಿದ ಮಜ್ಜೆಯ ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಲೀಶ್‌ಮನ್ ಬಣ್ಣ ಹಾಕುತ್ತೇವೆ. ನಮ್ಮ ಕರಾವಳಿಯ ಜೂನ್, ಜುಲೈ ತಿಂಗಳ ಮಳೆಯಲ್ಲಿ ಈ ಸ್ಮಿಯರ್ ಬೇಗ ಒಣಗುವುದಿಲ್ಲ. ಫ್ಯಾನಿನ ಗಾಳಿಗೆ ಹಿಡಿಯದೆ ಬಿಟ್ಟರೆ ಕೆಂಪು ಕಣಗಳ ಮೇಲೆ ನೀರ್ಗುಳ್ಳೆಯಂತೆ ಹೊಳೆಯುವ ಕಲೆಗಳು ಮೂಡಿ, ಹೊಸಬರು ಅದನ್ನೇ ರೋಗವೆಂದು ಬರೆದುಬಿಡುತ್ತಾರೆ. ಚೆನ್ನಾಗಿ ಒಣಗಿದ ಸ್ಲೈಡಿನಲ್ಲಿ ಕೆಂಪು ಕಣದ ವಂಶವನ್ನು ಹಿರಿಯ ಕೋಶದಿಂದ ಕಿರಿಯದರವರೆಗೆ ಸಾಲಾಗಿ ಗುರುತಿಸಬಹುದು. ಮೊದಲ ಹಂತದ ದೊಡ್ಡ ಕೋಶದಲ್ಲಿ ನ್ಯೂಕ್ಲಿಯಸ್ ಅಗಲವಾಗಿ, ಅದರೊಳಗಿನ ಡಿಎನ್‌ಎಯ ಹಂದರ ಜರಡಿ ಹಿಡಿದ ಅಕ್ಕಿಹಿಟ್ಟಿನಷ್ಟು ನಯವಾಗಿ ಹರಡಿಕೊಂಡಿರುತ್ತದೆ. ಸುತ್ತಲಿನ ಭಾಗ ಕಡುನೀಲಿ. ಮುಂದಿನ ಹಂತಗಳಲ್ಲಿ ನ್ಯೂಕ್ಲಿಯಸ್ ಕುಗ್ಗುತ್ತ, ಹಿಟ್ಟಿನಂತಿದ್ದದ್ದು ಗಂಟು ಗಂಟಾಗಿ ಹೆಪ್ಪುಗಟ್ಟುತ್ತ ಹೋಗುತ್ತದೆ. ನೀಲಿ ಬಣ್ಣ ಬೂದಿಗೆ, ಬೂದಿ ಬಣ್ಣ ನಸುಗೆಂಪಿಗೆ ತಿರುಗುತ್ತದೆ. ಕಡೆಗೆ ನ್ಯೂಕ್ಲಿಯಸ್ ಶಾಯಿಯ ಚುಕ್ಕೆಯಷ್ಟಾಗಿ ಅಂಚಿಗೆ ಸರಿದು ಹೊರಬೀಳುತ್ತದೆ. ನೀಲಿ ಎಂದರೆ ಪ್ರೋಟೀನ್ ತಯಾರಿಸುವ ಸಲಕರಣೆಗಳ ರಾಶಿ. ನಸುಗೆಂಪು ಎಂದರೆ ತಯಾರಾದ ಹಿಮೋಗ್ಲೋಬಿನ್. ಗಂಟುಗಟ್ಟಿದ ಡಿಎನ್‌ಎ ಎಂದರೆ ಆ ಕೋಶಕ್ಕೆ ಇನ್ನು ಬೇಡವಾದ ಜೀನ್‌ಗಳಿಗೆ ಬಿದ್ದ ಬೀಗ.

ಈ ಬೀಗದ ವ್ಯವಸ್ಥೆ ಹೀಗಿದೆ. ಒಂದು ಕೋಶದ ಡಿಎನ್‌ಎಯನ್ನು ಬಿಡಿಸಿ ಎಳೆದರೆ ಸುಮಾರು ಎರಡು ಮೀಟರ್ ಉದ್ದ. ಅದು ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಡಿಎನ್‌ಎಯ ಎಳೆಯಲ್ಲಿ ಸಾಲಾಗಿರುವ ರಾಸಾಯನಿಕ ಘಟಕಗಳನ್ನು ಅಕ್ಷರಗಳು ಎಂದರೆ, ಎಂಟು ಹಿಸ್ಟೋನ್‌ಗಳ ಒಂದು ಉಂಡೆಗೆ 147 ಅಕ್ಷರಗಳಷ್ಟು ಉದ್ದದ ಸುತ್ತು. ಸುತ್ತು ಬಿಗಿಯಾಗಿ ಒತ್ತೊತ್ತಾಗಿ ಇರುವ ಕಡೆ ಜೀನನ್ನು ಓದಲು ಆಗುವುದಿಲ್ಲ, ಸಡಿಲವಾಗಿರುವ ಕಡೆ ಓದಬಹುದು. ಪ್ರೋಟೀನ್ ತಯಾರಿಕೆಯ ಸೂಚನೆ ಇರುವ ಜೀನ್‌ಗಳು ನಮ್ಮಲ್ಲಿ ಸುಮಾರು 20,000. ಸೂಚನೆ ಬರೆದಿರುವ ಅಕ್ಷರಗಳು ಇಡೀ ಡಿಎನ್‌ಎಯ ನೂರಕ್ಕೆ ಎರಡು ಪಾಲೂ ಇಲ್ಲ. ಉಳಿದ ಭಾಗದಲ್ಲಿ ಯಾವ ಜೀನನ್ನು ಯಾವ ಕೋಶದಲ್ಲಿ ಯಾವಾಗ ಎಷ್ಟು ಓದಬೇಕು ಎಂಬುದನ್ನು ನಿರ್ಧರಿಸುವ ಚಿಕ್ಕ ಚಿಕ್ಕ ತಾಣಗಳು ಹರಡಿಕೊಂಡಿವೆ. ಎನ್‌ಹಾನ್ಸರ್ ಎಂದು ಕರೆಯುವ ಅಂಥ ತಾಣಗಳು ಕೆಲವೊಮ್ಮೆ ತಾವು ನಿಯಂತ್ರಿಸುವ ಜೀನಿನಿಂದ ಹತ್ತಾರು ಸಾವಿರ ಅಕ್ಷರಗಳಾಚೆ ಇರುತ್ತವೆ, ಡಿಎನ್‌ಎ ಬಾಗಿ ಕುಣಿಕೆಯಾದಾಗ ಜೀನಿನ ಪಕ್ಕಕ್ಕೆ ಬರುತ್ತವೆ. ಈ ತಾಣಗಳನ್ನು ಗುರುತಿಸಿ ಅವುಗಳ ಮೇಲೆ ಕೂರುವ ಪ್ರೋಟೀನ್‌ಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಹೆಸರು. ಮುಂದೆ ಅವುಗಳನ್ನು ನಿಯಂತ್ರಕಗಳು ಎನ್ನುತ್ತೇನೆ.

ರಕ್ತದ ಮಟ್ಟಿಗೆ ನೀವು ನೆನಪಿಡಬೇಕಾದ ನಿಯಂತ್ರಕ ಗಾಟಾ-1. ಡಿಎನ್‌ಎಯಲ್ಲಿ ಜಿ, ಎ, ಟಿ, ಎ ಎಂಬ ನಾಲ್ಕು ಅಕ್ಷರಗಳು ಈ ಕ್ರಮದಲ್ಲಿ ಇರುವ ಕಡೆ ಅದು ಕೂರುತ್ತದೆ, ಹೆಸರು ಬಂದದ್ದೂ ಅದರಿಂದಲೇ. ನಾಲ್ಕೇ ಅಕ್ಷರಗಳ ಗುರುತು ಎಂದ ಮೇಲೆ ಅದು ಮಾನವನ ಡಿಎನ್‌ಎಯಲ್ಲಿ ಲಕ್ಷಾಂತರ ಕಡೆ ಸಿಗುತ್ತದೆ. ಆದರೆ ಗಾಟಾ-1 ನಿಜವಾಗಿ ಕೂರುವುದು ಆ ತಾಣಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಕಡೆ. ಮಿಕ್ಕವು ಬಿಗಿದ ಸುತ್ತಿನೊಳಗೆ ಮುಚ್ಚಿಹೋಗಿವೆ, ಇಲ್ಲವೇ ಪಕ್ಕದಲ್ಲಿ ಕೈಜೋಡಿಸಬೇಕಾದ ಬೇರೆ ನಿಯಂತ್ರಕಗಳು ಅಲ್ಲಿಲ್ಲ. ಒಂದು ನಿಯಂತ್ರಕ ಏನು ಮಾಡಬಲ್ಲದು ಎಂಬುದು ಆ ಕೋಶ ಈವರೆಗೆ ಯಾವ ದಾರಿಯಲ್ಲಿ ಬಂದಿದೆ, ಅದರಲ್ಲಿ ಯಾವ ಬಾಗಿಲುಗಳು ತೆರೆದು ಉಳಿದಿವೆ ಎನ್ನುವುದನ್ನು ಅವಲಂಬಿಸಿದೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇಲ್ಲಿಯೇ ಇದೆ.

ಆಕರಕೋಶವನ್ನು ಖಾಲಿ ಸ್ಲೇಟು ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಅದರೊಳಗೆ ನೋಡಿದರೆ ಕೆಂಪು ಕಣದ ಕೆಲವು ಜೀನ್‌ಗಳೂ ಬಿಳಿ ಕಣದ ಕೆಲವು ಜೀನ್‌ಗಳೂ ಏಕಕಾಲಕ್ಕೆ ಸಣ್ಣ ದನಿಯಲ್ಲಿ ನಡೆಯುತ್ತಿರುತ್ತವೆ. ಎಲ್ಲ ದಾರಿಗಳೂ ಕಿರುಬೆರಳಷ್ಟು ತೆರೆದಿರುತ್ತವೆ. ನಮ್ಮೂರಿನ ನೆಲವನ್ನೇ ತೆಗೆದುಕೊಂಡು ಹೇಳುವುದಾದರೆ, ಆಗುಂಬೆಯ ನೆತ್ತಿಯಲ್ಲಿ ಅಕ್ಕಪಕ್ಕ ಬಿದ್ದ ಎರಡು ಮಳೆಹನಿಗಳನ್ನು ಊಹಿಸಿಕೊಳ್ಳಿ. ಒಂದು ಪಶ್ಚಿಮದ ಇಳಿಜಾರು ಹಿಡಿದು ಸೀತಾನದಿಯಾಗಿ ಹೆಬ್ರಿಯ ಕಡೆ ಇಳಿದು ಅರಬ್ಬಿ ಸಮುದ್ರ ಸೇರುತ್ತದೆ. ಇನ್ನೊಂದು ಮಾಲತಿ ಹೊಳೆಯಿಂದ ತುಂಗೆಗೆ, ತುಂಗಭದ್ರೆಗೆ, ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನೆತ್ತಿಯಲ್ಲಿ ಅವುಗಳ ನಡುವೆ ಇದ್ದದ್ದು ಒಂದು ಗೇಣು. ಕೆಳಗಿಳಿದಷ್ಟೂ ಕಣಿವೆ ಆಳವಾಗಿ, ಒಂದರಿಂದ ಇನ್ನೊಂದಕ್ಕೆ ದಾಟುವುದು ಅಸಾಧ್ಯವಾಗುತ್ತದೆ. ಕಾನ್ರಾಡ್ ವಾಡಿಂಗ್ಟನ್ ಎಂಬ ಬ್ರಿಟಿಷ್ ಜೀವವಿಜ್ಞಾನಿ 1957ರಲ್ಲಿ ಕೋಶದ ಬೆಳವಣಿಗೆಯನ್ನು ಇಂಥದೇ ಗುಡ್ಡದಿಂದ ಉರುಳುವ ಗೋಲಿಯಾಗಿ ಚಿತ್ರಿಸಿದ್ದರು. ಈ ಹೋಲಿಕೆಗೆ ಒಂದು ಮಿತಿ ಇದೆ, ಅದನ್ನು ಮಕ್ಕಳಿಗೂ ಹೇಳಬೇಕು. ಆಗುಂಬೆಯ ಹನಿಗೆ ಕಣಿವೆ ಮೊದಲೇ ಸಿದ್ಧವಾಗಿದೆ. ಕೋಶದ ಕಣಿವೆಯನ್ನು ಕೋಶದೊಳಗಿನ ನಿಯಂತ್ರಕಗಳೇ, ಅದು ಇಳಿಯುತ್ತಿರುವಾಗಲೇ ಕೊರೆಯುತ್ತವೆ.

ಹೇಗೆ ಕೊರೆಯುತ್ತವೆ ಎಂಬುದಕ್ಕೆ ಅತಿ ಹೆಚ್ಚು ಅಧ್ಯಯನವಾಗಿರುವ ಜೋಡಿ ಗಾಟಾ-1 ಮತ್ತು ಪಿಯು-1. ಗಾಟಾ-1 ಕೆಂಪು ಕಣಕ್ಕೂ ಪ್ಲೇಟ್‌ಲೆಟ್ ಹುಟ್ಟಿಸುವ ಮೆಗಾಕ್ಯಾರಿಯೋಸೈಟ್‌ಗೂ ಬೇಕು. ಪಿಯು-1 ನ್ಯೂಟ್ರೋಫಿಲ್, ಮಾನೋಸೈಟ್‌ಗಳಂಥ ಬಿಳಿ ಕಣಗಳಿಗೂ ಬಿ ಲಿಂಫೋಸೈಟ್‌ಗೂ ಬೇಕು. ಎರಡಕ್ಕೂ ಎರಡೆರಡು ಗುಣಗಳಿವೆ. ಪ್ರತಿಯೊಂದೂ ತನ್ನದೇ ಜೀನಿನ ನಿಯಂತ್ರಣ ತಾಣದ ಮೇಲೆ ಕೂತು ತನ್ನ ಉತ್ಪಾದನೆಯನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಜೊತೆಗೆ ಇನ್ನೊಂದನ್ನು ನೇರವಾಗಿ ಹಿಡಿದು ಅದರ ಕೆಲಸ ಕೆಡಿಸುತ್ತದೆ. ಒಂದಕ್ಕೆ ತುಸು ಮೇಲುಗೈ ಆಯಿತೆಂದರೆ ಅದು ಇನ್ನಷ್ಟು ಹೆಚ್ಚುತ್ತದೆ, ಎದುರಾಳಿ ಇನ್ನಷ್ಟು ಕುಗ್ಗುತ್ತದೆ, ವ್ಯತ್ಯಾಸ ತಾನಾಗಿ ಬೆಳೆಯುತ್ತದೆ. ಪ್ರಮಾಣವೂ ಮುಖ್ಯ: ಪಿಯು-1 ಕಡಿಮೆ ಇದ್ದರೆ ಬಿ ಲಿಂಫೋಸೈಟ್, ಹೆಚ್ಚಿದ್ದರೆ ಮ್ಯಾಕ್ರೋಫೇಜ್ ಎಂಬ ನುಂಗುವ ಕೋಶ ಎಂದು 2000ದಲ್ಲಿ ಇಲಿಯ ಕೋಶಗಳಲ್ಲಿ ತೋರಿಸಲಾಯಿತು.

ಈ ನಿಯಂತ್ರಕಗಳ ಬಲ ಎಷ್ಟೆಂದು ತಿಳಿಯಬೇಕಾದರೆ ಜೀವವಿಜ್ಞಾನಿ ಥಾಮಸ್ ಗ್ರಾಫ್ ಅವರ ತಂಡದ ಎರಡು ಪ್ರಯೋಗಗಳನ್ನು ನೋಡಬೇಕು. 1995ರಲ್ಲಿ ಅವರು ಕೋಳಿಯ ಬಿಳಿ ಕಣದ ವಂಶದ ಕೋಶಗಳಿಗೆ ಗಾಟಾ-1 ಜೀನನ್ನು ಸೇರಿಸಿದರು; ಆ ಕೋಶಗಳು ತಮ್ಮ ಹಳೆಯ ಗುಣಗಳನ್ನು ಬಿಟ್ಟು ಇಯೋಸಿನೋಫಿಲ್ ಎಂಬ ಬೇರೊಂದು ಬಗೆಯ ಬಿಳಿ ಕಣಗಳಾಗಿ, ಪ್ಲೇಟ್‌ಲೆಟ್ ವಂಶದ ಕೋಶಗಳಾಗಿ, ಕೆಂಪು ಕಣದ ಪೂರ್ವಜರಾಗಿ ಬದಲಾದವು. 2004ರಲ್ಲಿ ಇಲಿಯ ಬಿ ಲಿಂಫೋಸೈಟ್‌ಗಳಲ್ಲಿ ಸಿ-ಇಬಿಪಿ ಆಲ್ಫಾ ಎಂಬ ನಿಯಂತ್ರಕವನ್ನು ಹೆಚ್ಚಿಸಿದಾಗ, ಪ್ರತಿಕಾಯ ತಯಾರಿಸುವ ಕುಲದ ಆ ಕೋಶಗಳು ಕಸವನ್ನು ನುಂಗುವ ಮ್ಯಾಕ್ರೋಫೇಜ್‌ಗಳಾದವು. ಕಣಿವೆ ಎಷ್ಟೇ ಆಳವಾಗಿದ್ದರೂ ಸರಿಯಾದ ನಿಯಂತ್ರಕವನ್ನು ಬಲವಂತವಾಗಿ ತುಂಬಿದರೆ ಹನಿಯನ್ನು ಗುಡ್ಡದ ಆಚೆಗೆ ಹಾಯಿಸಬಹುದು ಎಂದಾಯಿತು.

ಆದರೆ ಇಲ್ಲಿ ಎಚ್ಚರ ಬೇಕು. ಬಲವಂತ ಮಾಡಿದಾಗ ಆಗುವುದೇ ಸಹಜವಾಗಿಯೂ ಆಗುತ್ತದೆ ಎಂದು ಹೇಳಲಾಗದು. ಗಾಟಾ-1 ಮತ್ತು ಪಿಯು-1ಗಳ ಜಗ್ಗಾಟದಿಂದಲೇ ಮೊದಲ ಆಯ್ಕೆ ನಡೆಯುತ್ತದೆ ಎಂದು ನಾನೂ ಬಹಳ ವರ್ಷ ಪಾಠ ಮಾಡಿದೆ. 2016ರಲ್ಲಿ ಸ್ವಿಟ್ಜರ್‌ಲೆಂಡಿನ ಟಿಮ್ ಶ್ರೋಡರ್ ಅವರ ತಂಡ ಇಲಿಯ ಜೀವಂತ ಆಕರಕೋಶಗಳಲ್ಲಿ ಈ ಎರಡೂ ಪ್ರೋಟೀನ್‌ಗಳಿಗೆ ಹೊಳೆಯುವ ಗುರುತು ಹಚ್ಚಿ, ಒಂದೊಂದು ಕೋಶವನ್ನೂ ದಿನಗಟ್ಟಲೆ ಕ್ಯಾಮೆರಾದಡಿ ಹಿಂಬಾಲಿಸಿತು. ಗಾಟಾ-1 ಕಾಣಿಸಿಕೊಳ್ಳುವ ಹೊತ್ತಿಗೆ ಕೋಶ ಆಗಲೇ ದಾರಿ ಹಿಡಿದಾಗಿತ್ತು. ಆದ್ದರಿಂದ ಈ ಜೋಡಿ ಆಯ್ಕೆಯನ್ನು ಆರಂಭಿಸುವುದಕ್ಕಿಂತ, ಆದ ಆಯ್ಕೆಯನ್ನು ಭದ್ರಪಡಿಸುತ್ತದೆ ಎಂಬ ಅಭಿಪ್ರಾಯ ಈಗ ಹೆಚ್ಚು ಸಮಂಜಸವೆಂದು ನನಗೆ ತೋರುತ್ತದೆ. ಅದಕ್ಕೂ ಮೊದಲೇ ಗಾಟಾ-2, ರನ್ಕ್ಸ್-1, ಟಾಲ್-1 ಮೊದಲಾದ ಹಲವು ನಿಯಂತ್ರಕಗಳ ಒಟ್ಟು ಸಮತೋಲನ ಸ್ವಲ್ಪ ಸ್ವಲ್ಪವಾಗಿ ವಾಲುತ್ತ ಬಂದಿರುತ್ತದೆ. ಒಂದೊಂದೇ ಕೋಶದ ಜೀನ್ ಚಟುವಟಿಕೆಯನ್ನು ಅಳೆಯುವ ತಂತ್ರ ಬಂದ ಮೇಲೆ, ಪಠ್ಯಪುಸ್ತಕದ ಮರದ ಚಿತ್ರದಂತೆ ಕವಲುಗಳು ಕತ್ತರಿಸಿದ ಹಾಗೆ ಬೇರೆಯಾಗುವುದಿಲ್ಲ, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹರಿವು ನಿರಂತರವಾಗಿದೆ ಎಂಬುದು ಕಂಡುಬಂದಿದೆ. ಹಾಗಾಗಿ ತೀರ್ಮಾನದ ಕ್ಷಣ ಇದೇ ಎಂದು ಬೆರಳಿಟ್ಟು ತೋರಿಸುವಂಥ ಗಳಿಗೆ ಬಹುಮಟ್ಟಿಗೆ ಇರುವುದಿಲ್ಲ.

ಹಿಡಿದ ದಾರಿ ಉಳಿಯುವುದಕ್ಕೆ ಬೇರೆ ದಾರಿಗಳನ್ನು ಮುಚ್ಚುತ್ತಲೇ ಇರಬೇಕು. ಇದಕ್ಕೆ ಪ್ಯಾಕ್ಸ್-5ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಬಿ ಲಿಂಫೋಸೈಟ್‌ನ ಈ ನಿಯಂತ್ರಕವನ್ನು ತೆಗೆದುಹಾಕಿದ ಇಲಿಗಳಲ್ಲಿ, ಬಿ ಆಗುವ ದಾರಿಯಲ್ಲಿದ್ದ ಕೋಶಗಳು ಮ್ಯಾಕ್ರೋಫೇಜ್, ಟಿ ಲಿಂಫೋಸೈಟ್ ಮೊದಲಾದ ಅನೇಕ ಬಗೆಯ ಕೋಶಗಳಾಗಬಲ್ಲವು ಎಂದು 1999ರಲ್ಲಿ ವಿಯೆನ್ನಾದ ಮೈನ್‌ರಾಡ್ ಬುಸ್ಲಿಂಗರ್ ಅವರ ತಂಡ ತೋರಿಸಿತು. ಎಂಟು ವರ್ಷಗಳ ಬಳಿಕ ಅದೇ ತಂಡ ಪೂರ್ತಿ ಬಲಿತ ಬಿ ಕೋಶದಿಂದಲೂ ಪ್ಯಾಕ್ಸ್-5 ತೆಗೆದಾಗ ಅದು ಹಿಂದಿನ ಸ್ಥಿತಿಗೆ ಮರಳಿ, ಟಿ ಕೋಶವಾಗುವುದನ್ನು ಕಂಡಿತು. ಒಂದು ಕೋಶದ ಗುರುತು ಎನ್ನುವುದು ಒಮ್ಮೆ ಒತ್ತಿ ಬಿಟ್ಟ ಮುದ್ರೆ ಆಗಿರದೆ, ಪ್ರತಿದಿನ ಕಾಯ್ದುಕೊಳ್ಳಬೇಕಾದ ಕೆಲಸವಾಗಿದೆ ಎಂಬ ಈ ಸಂಗತಿ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ, ರಕ್ತದಲ್ಲಿ ಕೊರತೆ ಇದೆಯೆಂದು ಕೋಶಕ್ಕೆ ತಿಳಿಯುವ ಬಗೆ. ಕೆಂಪು ಕಣ ಕಡಿಮೆಯಾಗಿ ಆಮ್ಲಜನಕ ಸಾಲದೆ ಹೋದಾಗ ಅದನ್ನು ಗ್ರಹಿಸುವುದು ಮೂತ್ರಪಿಂಡ. ಅದು ಎರಿತ್ರೋಪೊಯೆಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಈ ಹಾರ್ಮೋನಿನ ಇಂಜೆಕ್ಷನ್ ಕೊಡುವುದನ್ನು ನೀವು ಕೇಳಿರಬಹುದು. ಆದರೆ ಎರಿತ್ರೋಪೊಯೆಟಿನ್ ಮುಖ್ಯವಾಗಿ ಮಾಡುವುದು ಆಗಲೇ ಕೆಂಪು ಕಣದ ದಾರಿ ಹಿಡಿದ ಕೋಶಗಳನ್ನು ಸಾಯದಂತೆ ಉಳಿಸಿ, ಹೆಚ್ಚಿಸುವ ಕೆಲಸ. ಸಾಮಾನ್ಯ ದಿನಗಳಲ್ಲಿ ಅಂಥ ಎಷ್ಟೋ ಕೋಶಗಳು ಹುಟ್ಟಿ ಹಾಗೆಯೇ ಅಳಿಯುತ್ತವೆ. ಕೊರತೆ ಬಂದಾಗ ಅವು ಅಳಿಯದೆ ಉಳಿಯುತ್ತವೆ. ಎಲ್ಲ ಸಂಕೇತಗಳೂ ಹೀಗೆ ಪೋಷಣೆಗಷ್ಟೇ ಸೀಮಿತವೆಂದು ಹೇಳಲೂ ಬಾರದು. 2009ರಲ್ಲಿ ಶ್ರೋಡರ್ ತಂಡವೇ, ರಕ್ತಕೋಶಗಳಿಗೆ ಸಂಕೇತ ನೀಡುವ ಪ್ರೋಟೀನ್‌ಗಳಲ್ಲಿ ಜಿ-ಸಿಎಸ್‌ಎಫ್ ಕೊಟ್ಟರೆ ಒಂದೇ ಬಗೆಯ ಪೂರ್ವಜ ಕೋಶಗಳು ನ್ಯೂಟ್ರೋಫಿಲ್ ಕಡೆಗೂ, ಎಂ-ಸಿಎಸ್‌ಎಫ್ ಕೊಟ್ಟರೆ ಮ್ಯಾಕ್ರೋಫೇಜ್ ಕಡೆಗೂ ತಿರುಗುವುದನ್ನು ಕೋಶ ಕೋಶವಾಗಿ ನೋಡಿ ದಾಖಲಿಸಿತು. ಟಿ ಲಿಂಫೋಸೈಟ್‌ನ ವಿಷಯದಲ್ಲಂತೂ ಸ್ಥಳದ ಮಾತೇ ನಡೆಯುತ್ತದೆ: ಪೂರ್ವಜ ಕೋಶ ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿಗೆ ಹೋಗಿ, ಅಲ್ಲಿನ ಗೋಡೆಯ ಕೋಶಗಳಿಂದ ನಾಚ್ ಎಂಬ ಸಂಕೇತ ಪಡೆದರಷ್ಟೇ ಟಿ ಕೋಶವಾಗುತ್ತದೆ, ಆ ಸಂಕೇತ ತಪ್ಪಿಸಿದರೆ ಥೈಮಸ್ಸಿನೊಳಗೇ ಬಿ ಕೋಶಗಳು ಬೆಳೆಯುತ್ತವೆ. ಹೊರಗಿನ ಸಂಕೇತ ಏನೇ ಬಂದರೂ ಅದು ಕೊನೆಗೆ ಮುಟ್ಟುವುದು ನಾನು ಮೇಲೆ ಹೇಳಿದ ನಿಯಂತ್ರಕಗಳನ್ನೇ, ಅವುಗಳ ಮೂಲಕವೇ ಜೀನ್‌ಗಳನ್ನು.

ಈ ತಿಳಿವಳಿಕೆ ರೋಗಿಗೆ ಏನು ಕೊಟ್ಟಿದೆ ಎಂದು ನೀವು ಕೇಳಿಲ್ಲ, ಆದರೂ ಎರಡು ವಿಷಯ ಹೇಳದಿದ್ದರೆ ಉತ್ತರ ಅಪೂರ್ಣವಾಗುತ್ತದೆ. ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ 15 ಮತ್ತು 17ನೆಯ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ, ಎರಡು ಜೀನ್‌ಗಳು ಬೆಸೆದು ಒಂದು ವಿಕೃತ ನಿಯಂತ್ರಕ ಹುಟ್ಟುತ್ತದೆ. ಅದು ಬಿಳಿ ಕಣ ಬಲಿಯಲು ಬೇಕಾದ ಜೀನ್‌ಗಳ ಮೇಲೆ ಕೂತು ಅವುಗಳನ್ನು ಮುಚ್ಚಿಡುತ್ತದೆ. ಸ್ಲೈಡಿನಲ್ಲಿ ಈ ಕೋಶಗಳನ್ನು ಒಮ್ಮೆ ನೋಡಿದವರು ಮರೆಯಲಾರರು: ಕೆಲವು ಕೋಶಗಳೊಳಗೆ ಸೂಜಿಯಂಥ ಕೆಂಪು ಕಡ್ಡಿಗಳು, ಕಾಡಿನಿಂದ ತಂದ ಕಟ್ಟಿಗೆಯ ಹೊರೆಯಂತೆ ಕಟ್ಟುಕಟ್ಟಾಗಿ ಇರುತ್ತವೆ. ಹಿಂದೆ ದಿನಗಳಲ್ಲೇ ರಕ್ತಸ್ರಾವದಿಂದ ಪ್ರಾಣ ತೆಗೆಯುತ್ತಿದ್ದ ರೋಗ ಇದು. 1980ರ ದಶಕದಲ್ಲಿ ಶಾಂಘೈನ ವೈದ್ಯರು ಎ ಜೀವಸತ್ವದ ಒಂದು ರೂಪವಾದ ರೆಟಿನಾಯಿಕ್ ಆಮ್ಲವನ್ನು ಮಾತ್ರೆಯಾಗಿ ಕೊಟ್ಟು, ಆ ಕೋಶಗಳನ್ನು ಕೊಲ್ಲುವ ಬದಲು ಬಲಿಯುವಂತೆ ಮಾಡಿದರು. ಮಾತ್ರೆ ಆ ವಿಕೃತ ನಿಯಂತ್ರಕದ ಹಿಡಿತವನ್ನು ಬಿಡಿಸುತ್ತದೆ. ಮುಂದೆ ಇದರೊಂದಿಗೆ ಆರ್ಸೆನಿಕ್ ಸೇರಿ, ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಆರಂಭವಾದವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಮಿಕ್ಕಿ ಜನ ಗುಣವಾಗುವ ಸ್ಥಿತಿ ಬಂದಿದೆ.

ಎರಡನೆಯದು ಥಲಸ್ಸೀಮಿಯಾ, ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರೋಗ. ಗರ್ಭದಲ್ಲಿರುವ ಮಗುವಿನ ಹಿಮೋಗ್ಲೋಬಿನ್‌ನಲ್ಲಿ ಗಾಮಾ ಎಂಬ ಸರಪಳಿ ಇರುತ್ತದೆ. ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಅದು ನಿಂತು ಬೀಟಾ ಸರಪಳಿ ಬರುತ್ತದೆ. ಬೀಟಾ ಜೀನ್ ಕೆಟ್ಟಿರುವ ಮಗು ಮೊದಲ ತಿಂಗಳುಗಳಲ್ಲಿ ಚೆನ್ನಾಗಿಯೇ ಇದ್ದು, ಆಮೇಲೆ ಬಿಳಿಚಿಕೊಂಡು, ತಿಂಗಳು ತಿಂಗಳೂ ರಕ್ತ ಹಾಕಿಸಿಕೊಳ್ಳುವ ಸ್ಥಿತಿಗೆ ಬರುವುದು ಇದೇ ಕಾರಣಕ್ಕೆ. ಗಾಮಾ ಜೀನ್ ಕೆಟ್ಟಿರುವುದಿಲ್ಲ, ಮುಚ್ಚಿರುತ್ತದೆ. ಮುಚ್ಚುವ ನಿಯಂತ್ರಕ ಬಿಸಿಎಲ್11ಎ ಎಂಬುದನ್ನು 2008ರಲ್ಲಿ ಬೋಸ್ಟನ್‌ನ ಸ್ಟುವರ್ಟ್ ಆರ್ಕಿನ್ ಅವರ ತಂಡ ತೋರಿಸಿತು. ಹಾಗಾದರೆ ಅದನ್ನು ತೆಗೆದುಬಿಟ್ಟರಾಯಿತು ಎನ್ನುವಂತಿಲ್ಲ, ಏಕೆಂದರೆ ಅದೇ ಬಿಸಿಎಲ್11ಎ ಆಕರಕೋಶಕ್ಕೂ ಬಿ ಲಿಂಫೋಸೈಟ್‌ಗೂ ಬೇಕು. ದಾರಿ ಸಿಕ್ಕಿದ್ದು ಎನ್‌ಹಾನ್ಸರ್‌ನಲ್ಲಿ. ಆ ಜೀನಿನೊಳಗೆ, ಕೆಂಪು ಕಣದ ವಂಶದಲ್ಲಿ ಮಾತ್ರ ಅದನ್ನು ನಡೆಸುವ ಒಂದು ಚಿಕ್ಕ ತಾಣ ಇದೆ, ಅದರ ಮೇಲೆ ಕೂರುವುದು ನಮ್ಮ ಗಾಟಾ-1. ರೋಗಿಯ ಆಕರಕೋಶಗಳನ್ನು ಹೊರತೆಗೆದು, ಡಿಎನ್‌ಎಯನ್ನು ಬೇಕಾದ ಕಡೆ ಕತ್ತರಿಸುವ ಕ್ರಿಸ್ಪರ್ ಎಂಬ ಅಣುಕತ್ತರಿಯಿಂದ ಅಲ್ಲಿನ ನಾಲ್ಕಾರು ಅಕ್ಷರಗಳನ್ನು ಕೆಡಿಸಿದರೆ ಗಾಟಾ-1 ಕೂರಲು ಜಾಗವಿರುವುದಿಲ್ಲ. ಕೆಂಪು ಕಣದಲ್ಲಿ ಬಿಸಿಎಲ್11ಎ ಇಳಿಯುತ್ತದೆ, ಗಾಮಾ ಮತ್ತೆ ತೆರೆಯುತ್ತದೆ, ಬೇರೆ ಕೋಶಗಳಿಗೆ ತೊಂದರೆಯಾಗುವುದಿಲ್ಲ. ಈ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಜಗತ್ತಿನಲ್ಲೇ ಮೊದಲ ಒಪ್ಪಿಗೆ ನೀಡಿತು. ಕೆಟ್ಟ ಜೀನನ್ನು ಮುಟ್ಟದೆ, ಜೀನ್ ನಿಯಂತ್ರಣದ ಒಂದು ತಾಣವನ್ನು ಮುಟ್ಟಿ ರೋಗವನ್ನು ಹತೋಟಿಗೆ ತಂದದ್ದು ಇದು. ಬೆಲೆ ಮಾತ್ರ ನಮ್ಮ ಜಿಲ್ಲೆಗಳ ಸಾಮಾನ್ಯ ಕುಟುಂಬಗಳ ಕೈಗೆ ಎಟುಕುವಂತಿಲ್ಲ ಎಂಬುದು ನೋವಿನ ಸಂಗತಿ. ಅಲ್ಲಿಯವರೆಗೆ ಮದುವೆಗೆ ಮೊದಲು ಅಥವಾ ಗರ್ಭಿಣಿಯಾದ ಆರಂಭದಲ್ಲೇ ವಾಹಕರೇ ಎಂದು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ನಮಗಿರುವ ಉತ್ತಮ ಮಾರ್ಗ.

ಕೊನೆಗೆ ನಿಮ್ಮ ತಂಗಿಯ ವಿಷಯ. ಬಿಳಿ ಕಣ ಮೊದಲು ಏರಿದ್ದಕ್ಕೆ ಕಾರಣ, ಚೀಲದಲ್ಲಿದ್ದ ಅರ್ಧ ದಾರಿ ಸಾಗಿದ ಕೋಶಗಳಿಂದ ನ್ಯೂಟ್ರೋಫಿಲ್ ಬೇಗ ತಯಾರಾಗುವುದು. ಕೆಂಪು ಕಣ 120 ದಿನ ಬದುಕುವಂಥದ್ದು, ಹಳೆಯದು ತೀರಿ ಹೊಸದು ತುಂಬಲು ಸಮಯ ಹಿಡಿಯುತ್ತದೆ. ಎಲ್ಲಕ್ಕಿಂತ ನಿಧಾನವಾಗಿ ಮರಳುವುದು ಟಿ ಲಿಂಫೋಸೈಟ್, ಏಕೆಂದರೆ ಅದು ಥೈಮಸ್ಸನ್ನು ಹಾದು ಬರಬೇಕು, ಆ ಗ್ರಂಥಿಯೋ ವಯಸ್ಸಾದಂತೆ ಕುಗ್ಗುತ್ತ ಬಂದಿರುತ್ತದೆ. ಈ ಕೆಲಸಕ್ಕೆ ಒಂದು ವರ್ಷವೋ ಅದಕ್ಕೂ ಹೆಚ್ಚೋ ಬೇಕು. ಆದ್ದರಿಂದ ವರದಿಯಲ್ಲಿ ಕೌಂಟ್ ಸರಿ ಇದೆ ಎಂದ ಮಾತ್ರಕ್ಕೆ ಸೋಂಕಿನ ಬಗ್ಗೆ ಅಸಡ್ಡೆ ಮಾಡಬಾರದು, ಜ್ವರ ಬಂದರೆ ಅಂದೇ ವೈದ್ಯರಿಗೆ ತೋರಿಸಬೇಕು. ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳ ನೆನಪು ಹಳೆಯ ಲಿಂಫೋಸೈಟ್‌ಗಳೊಂದಿಗೆ ಹೋಗಿರುವುದರಿಂದ ಅವುಗಳನ್ನು ಮತ್ತೆ ಹಾಕಿಸಬೇಕಾಗುತ್ತದೆ. ಯಾವುದನ್ನು ಯಾವಾಗ ಎಂದು ಕಸಿ ಮಾಡಿದ ವೈದ್ಯರೇ ಹೇಳಬೇಕು, ಜೀವಂತ ರೋಗಾಣುಗಳಿರುವ ಲಸಿಕೆಗಳನ್ನು ಅವರ ಒಪ್ಪಿಗೆಯಿಲ್ಲದೆ ಹಾಕಿಸಬೇಡಿ. ತಮ್ಮನ ರಕ್ತದ ಗುಂಪು ಬೇರೆಯಾಗಿದ್ದರೆ ತಂಗಿಯ ಗುಂಪೂ ತಿಂಗಳುಗಳಲ್ಲಿ ಅವನದೇ ಆಗಿ ಬದಲಾಗಿರುತ್ತದೆ. ಆಕೆಯ ಹಳೆಯ ಗುರುತಿನ ಚೀಟಿಯಲ್ಲಿರುವ ಗುಂಪನ್ನು ನಂಬಿ ಯಾರೂ ರಕ್ತ ಕೊಡದಂತೆ, ಕಸಿಯ ದಿನಾಂಕ, ದಾನಿಯ ಗುಂಪು ಮತ್ತು ಈಗಿನ ಗುಂಪನ್ನು ಬರೆದ ಕಾರ್ಡೊಂದನ್ನು ಆಕೆ ಪರ್ಸಿನಲ್ಲಿ ಯಾವಾಗಲೂ ಇಟ್ಟುಕೊಳ್ಳಲಿ.